ನ್ಯೂಜೆರ್ಸಿಯಿಂದ ಮೊಳಕಾಲ್ಮೂರಿಗೆ: ಒಂದು ಕ್ರಿಸ್‌ಮಸ್ ರಜೆ

ಕ್ರಿಸ್‌ಮಸ್ ರಜೆಯಲ್ಲಿ ಪರದೇಶಕ್ಕೆ ಹೋಗಿಬಂದವರ ಪ್ರವಾಸ ಕಥನಗಳನ್ನು ನಾವು ಬೇಕಾದಷ್ಟು ಓದಿದ್ದೇವೆ. ಹಿಮ ಬಿದ್ದ ಬೀದಿ, ದೀಪ ಹಚ್ಚಿದ ಮರ, ಕೆಂಪು ಟೋಪಿಯ ತಾತ ಎಲ್ಲವೂ ಅವುಗಳಲ್ಲಿ ಇರುತ್ತವೆ. ನಾನು ಹೇಳಹೊರಟಿರುವುದು ಅದೇ ರಜೆಯ ಇನ್ನೊಂದು ಮಗ್ಗುಲು. ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದ ಇಬ್ಬರು ಮಕ್ಕಳು ಹೋದ ಡಿಸೆಂಬರಿನಲ್ಲಿ ಚಳ್ಳಕೆರೆಗೆ ಬಂದಿದ್ದರು. ಅಕ್ಕನಿಗೆ ಹನ್ನೆರಡು ವರ್ಷ, ತಮ್ಮನಿಗೆ ಎಂಟು. ನಮಗೆ ನ್ಯೂಜೆರ್ಸಿ ಹೇಗೆ ಪರದೇಶವೋ ಅವರಿಗೆ ಚಳ್ಳಕೆರೆ ಹಾಗೆ ಪರದೇಶ.

ಅವರ ತಾತ ನನ್ನ ನಲವತ್ತು ವರ್ಷಗಳ ಗೆಳೆಯ. "ಮಕ್ಕಳು ಬರ್ತಾರೆ, ನೀನೂ ಬಾ. ನನಗೆ ಗುಡ್ಡ ಹತ್ತೋಕೆ ಜೊತೆ ಬೇಕು" ಎಂದು ಫೋನ್ ಮಾಡಿದ. ಬೆಂಗಳೂರಿನಿಂದ ತುಮಕೂರು, ಶಿರಾ, ಹಿರಿಯೂರು ದಾಟಿ ಚಳ್ಳಕೆರೆಗೆ ಸುಮಾರು 200 ಕಿಲೋಮೀಟರ್. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅವರ ಮನೆ. ಅಲ್ಲಿ ಎಂಟು ದಿನ ಇದ್ದೆ.

ಎಣ್ಣೆಯ ಊರಿನಲ್ಲಿ ಕ್ರಿಸ್‌ಮಸ್

ಚಳ್ಳಕೆರೆ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು ಕೇಂದ್ರ. ಕರ್ನಾಟಕದಲ್ಲಿ ತೀರ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ವರ್ಷಕ್ಕೆ 500 ಮಿಲಿಮೀಟರ್ ಬಂದರೆ ರೈತರು ಸಮಾಧಾನ ಪಡುತ್ತಾರೆ. ಇಂಥ ನೆಲಕ್ಕೆ ಒಗ್ಗಿದ ಬೆಳೆ ಶೇಂಗಾ. ಶೇಂಗಾ ಇದ್ದಲ್ಲಿ ಎಣ್ಣೆ ಗಿರಣಿಗಳು ಬಂದವು, ಗಿರಣಿಗಳು ಇದ್ದಲ್ಲಿ ವ್ಯಾಪಾರ ಬಂತು. ಹಾಗಾಗಿ ಊರಿಗೆ ಎಣ್ಣೆ ನಗರಿ ಎಂಬ ಅಡ್ಡಹೆಸರು. ಕುರಿ ಉಣ್ಣೆಯ ಕಂಬಳಿಗೂ ಈ ಊರು ಹೆಸರುವಾಸಿ. ಮಲಗುವಾಗ ಅಜ್ಜಿ ಕೊಟ್ಟ ಕರಿಕಂಬಳಿ ಚುಚ್ಚುತ್ತದೆ ಎಂದು ಮೊದಲ ರಾತ್ರಿ ದೂರಿದ ಹುಡುಗ ಮೂರನೆಯ ರಾತ್ರಿ ಅದನ್ನು ಬಿಟ್ಟುಕೊಡಲಿಲ್ಲ.

ಡಿಸೆಂಬರ್ ನಡುವಿನಿಂದ ಧನುರ್ಮಾಸ. ಬೆಳಗಿನ ಜಾವ ಗುಡಿಯ ಗಂಟೆ, ಹುಗ್ಗಿಯ ಪರಿಮಳ, ಅವರೆಕಾಯಿ ಸುಲಿಯುವ ಕೈಗಳು. ಮಕ್ಕಳಿಗೆ ಇದೇ ಕ್ರಿಸ್‌ಮಸ್ ವಾತಾವರಣವಾಯಿತು. 24ರ ಸಂಜೆ ತಾತ ಪೇಟೆಯಿಂದ ಕಾಗದದ ನಕ್ಷತ್ರ ತಂದ. ಅಂಗಳದ ಬೇವಿನ ಮರಕ್ಕೆ ಅದನ್ನು ಕಟ್ಟಿ ಒಳಗೊಂದು ಬಲ್ಬು ಹಾಕಿದರು. ಪಕ್ಕದ ಬೀದಿಯ ನಿವೃತ್ತ ನರ್ಸಮ್ಮ ತಾವೇ ಮಾಡಿದ ಕೇಕನ್ನು ಕಳಿಸಿದರು. ಅದೇ ಡಬ್ಬಿಯಲ್ಲಿ ಅಜ್ಜಿ ಶೇಂಗಾ ಹೋಳಿಗೆ ತುಂಬಿ ವಾಪಸು ಕಳಿಸಿದಳು. ಖಾಲಿ ಡಬ್ಬಿ ಹಿಂತಿರುಗಿಸಬಾರದು ಎಂಬುದು ನಮ್ಮ ಕಡೆಯ ಪದ್ಧತಿ ಎಂದು ಅಕ್ಕನಿಗೆ ಆವತ್ತು ತಿಳಿಯಿತು.

26ರ ಬೆಳಿಗ್ಗೆ ಬೀದಿಯ ಮಕ್ಕಳೆಲ್ಲ ಸಮವಸ್ತ್ರ ಹಾಕಿಕೊಂಡು ಶಾಲೆಗೆ ಹೊರಟಾಗ ಹುಡುಗನಿಗೆ ಆಶ್ಚರ್ಯ. "ಇವರಿಗೆ ರಜೆ ಇಲ್ವಾ?" ಎಂದ. ಇಲ್ಲಿನ ಶಾಲೆಗೆ ಕ್ರಿಸ್‌ಮಸ್‌ಗೆ ಒಂದೇ ದಿನ, ದಸರೆಗೆ ದೊಡ್ಡ ರಜೆ ಎಂದು ಹೇಳಿದೆ. "ನಮಗೆ ದಸರೆಗೆ ರಜೆ ಇಲ್ಲ, ಅದಕ್ಕೇ ನಾವು ದಸರೆಗೆ ಬರೋದೇ ಇಲ್ಲ" ಎಂದ. ಅಜ್ಜಿ ಒಳಗೆ ಹೋದಳು.

ಅಜ್ಜಿಯ ಚಿಂತೆ ಏನೆಂಬುದು ನನಗೆ ಎರಡೇ ದಿನದಲ್ಲಿ ಅರ್ಥವಾಗಿತ್ತು. ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಅಪ್ಪ ಅಮ್ಮ ಮನೆಯಲ್ಲಿ ಆಡುತ್ತಾರೆ. ಆದರೆ ಉತ್ತರ ಬರುವುದು ಇಂಗ್ಲಿಷಿನಲ್ಲಿ. ಅಜ್ಜಿಗೆ ಬರುವುದು ಚಳ್ಳಕೆರೆ ಕನ್ನಡ ಒಂದೇ. ವಿಡಿಯೋ ಕರೆಯಲ್ಲಿ "ಉಂಡ್ಯಾ ಕಂದ?" "ಯಸ್ ಅಜ್ಜಿ" ಎಂಬಲ್ಲಿಗೆ ಮಾತು ನಿಲ್ಲುತ್ತದೆ. "ಇವರು ದೊಡ್ಡೋರಾದ ಮೇಲೆ ನಮಗೂ ಅವರಿಗೂ ಮಾತೇ ಇರಲ್ಲವೇನೋ" ಎಂದು ಅವಳು ಒಲೆಯ ಮುಂದೆ ಕೂತು ನನ್ನೊಡನೆ ಹೇಳಿದಳು. ನಾನು ಸುಮ್ಮನೆ ಕೇಳಿಸಿಕೊಂಡೆ. ನನ್ನ ಬಳಿ ಉತ್ತರ ಇರಲಿಲ್ಲ.

ಕಾವಲಿನಲ್ಲಿ ಚಂದ್ರ

ಮೊದಲ ತಿರುಗಾಟ ಊರಿನ ಪಶ್ಚಿಮಕ್ಕೆ, ಕಾವಲುಗಳ ಕಡೆಗೆ. ಕಾವಲು ಎಂದರೆ ಹುಲ್ಲುಗಾವಲು. ಮೈಸೂರು ಅರಸರ ಕಾಲದಲ್ಲಿ ಸೈನ್ಯದ ಎತ್ತುಗಳನ್ನು ಸಾಕಲು ಬಿಟ್ಟಿದ್ದ ನೆಲ. ಟಿಪ್ಪು ಸುಲ್ತಾನ ಈ ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟ. ಆ ತಳಿಯ ಎತ್ತುಗಳು ಓಟಕ್ಕೂ ತಾಳಿಕೆಗೂ ಪ್ರಸಿದ್ಧ. ಅವುಗಳ ಬಲದಿಂದ ಹೈದರಾಲಿಯ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿತು ಎಂದು ಬ್ರಿಟಿಷರ ಕಾಲದ ಬರಹಗಳಲ್ಲಿದೆ.

ಇಂದು ಈ ಕಾವಲಿನ ಸುಮಾರು 10,000 ಎಕರೆ ನೆಲ ವಿಜ್ಞಾನ ಸಂಸ್ಥೆಗಳ ಕೈಯಲ್ಲಿದೆ. ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆಯ ಎರಡನೆಯ ಆವರಣವಿದೆ. ನಾಡಿನ ಶಾಲಾ ಶಿಕ್ಷಕರು ಅಲ್ಲಿಗೆ ಬಂದು ತರಬೇತಿ ಪಡೆಯುತ್ತಾರೆ. ರಕ್ಷಣಾ ಸಂಶೋಧನಾ ಸಂಸ್ಥೆಯ ವಿಮಾನ ಪರೀಕ್ಷಾ ನೆಲೆಯೂ ಇಲ್ಲಿದೆ. 2023ರ ಏಪ್ರಿಲ್ 2ರಂದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೋದ ರೆಕ್ಕೆಯುಳ್ಳ ವಾಹನವೊಂದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಎತ್ತಿಕೊಂಡು ಹೋಗಿ ಬಿಟ್ಟಿತು. ಯಾರೂ ನಡೆಸದೆ ಅದು ತಾನಾಗಿ ಇಲ್ಲಿನ ಓಡುದಾರಿಗೆ ಬಂದು ಇಳಿಯಿತು. 2024ರ ಮಾರ್ಚ್ ಮತ್ತು ಜೂನ್ ತಿಂಗಳಲ್ಲಿ ಇದೇ ಬಗೆಯ ಇನ್ನೆರಡು ಪರೀಕ್ಷೆಗಳು ನಡೆದವು. ಆ ವಾಹನದ ಹೆಸರು ಪುಷ್ಪಕ್.

ಇನ್ನೊಂದು ಸಂಗತಿ ಕೇಳಿ ಹುಡುಗ ಕುಣಿದಾಡಿದ. ಚಂದ್ರಯಾನ-2ರ ತಯಾರಿಯ ಹೊತ್ತಿನಲ್ಲಿ ಇಸ್ರೋದವರು ಚಳ್ಳಕೆರೆ ಬಳಿಯ ಉಳ್ಳಾರ್ತಿ ಕಾವಲಿನಲ್ಲಿ ನೆಲ ಅಗೆದು, ಚಂದ್ರನ ಮೇಲಿರುವಂಥ ಕುಳಿಗಳನ್ನು ಮಾಡಿದ್ದರು. ಉಪಕರಣಗಳನ್ನು ಹೊತ್ತ ವಿಮಾನವನ್ನು ಅವುಗಳ ಮೇಲೆ ಹಾರಿಸಿ, ಇಳಿಯಲು ಸಮತಟ್ಟಾದ ಜಾಗವನ್ನು ಯಂತ್ರ ಗುರುತಿಸುತ್ತದೆಯೇ ಎಂದು ನೋಡಿದರು. ಅಂದರೆ ಚಂದ್ರನಿಗೆ ಹೋಗುವ ಮೊದಲಿನ ತಾಲೀಮು ಅಜ್ಜಿಯ ಊರಿನಲ್ಲಿ!

ಬೇಲಿಯ ಒಳಗೆ ಹೋಗಲು ನಮಗೆ ಅನುಮತಿ ಇಲ್ಲ. ರಸ್ತೆಯ ಬದಿ ಕಾರು ನಿಲ್ಲಿಸಿ ನೋಡುತ್ತಿದ್ದಾಗ ಎತ್ತುಗಳ ಹಿಂಡು ಹೊಡೆದುಕೊಂಡು ಒಬ್ಬ ಹಿರಿಯರು ಬಂದರು. ಅವರು ಮ್ಯಾಸನಾಯಕ ಸಮುದಾಯದ ಕಿಲಾರಿ. ಆ ಎತ್ತುಗಳು ದೇವರ ಎತ್ತುಗಳು. ಅವನ್ನು ನೊಗಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ, ಮುಪ್ಪಾಗಿ ಸಾಯುವವರೆಗೆ ಸಾಕುತ್ತಾರೆ. ಬರ ಬಂದಾಗ ಊರೂರಿನ ಜನ ಮೇವು ಒಟ್ಟುಮಾಡಿ ಕಳಿಸುತ್ತಾರೆ. ನಮ್ಮೂರಲ್ಲಿ ಕ್ರಿಸ್‌ಮಸ್‌ಗೆ ಟರ್ಕಿ ಕೋಳಿ ತಿನ್ನುತ್ತಾರೆ ಎಂದು ಹುಡುಗ ಹೇಳಿದ್ದನ್ನು ತಾತ ಕನ್ನಡಿಸಿದ. ಕಿಲಾರಿ ನಕ್ಕು, "ನಮ್ಮ ಮಂದಿ ಕೋಳೀನೇ ಮುಟ್ಟಲ್ಲಪ್ಪ" ಎಂದರು. ಅದು ಅವರ ಹಳೆಯ ಕಟ್ಟು.

ಅಕ್ಕ ಕೇಳಿದಳು, ಬೇಲಿ ಬಂದ ಮೇಲೆ ಎತ್ತುಗಳು ಎಲ್ಲಿ ಮೇಯುತ್ತವೆ? "ಸುತ್ತು ಹಾಕ್ಕೊಂಡು ಹೋಗ್ತೀವಿ ತಾಯಿ. ದೂರ ಆಯ್ತು" ಎಂದಷ್ಟೇ ಅವರು ಹೇಳಿದರು. ಮೇವಿನ ನೆಲ ಕಳೆದುಕೊಂಡ ಹಳ್ಳಿಗಳ ಜನ ಹೋರಾಟ ಮಾಡಿದ್ದು, ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋದದ್ದು ತಾತ ವಿವರಿಸಿದ. ದೇಶಕ್ಕೆ ಪುಷ್ಪಕ್ ಬೇಕು, ಎತ್ತಿಗೆ ಹುಲ್ಲೂ ಬೇಕು. ಎರಡನ್ನೂ ಒಂದೇ ನೆಲದಿಂದ ಕೇಳುವಾಗ ಹಂಚಿಕೆ ಹೇಗೆ ಎಂಬ ಲೆಕ್ಕ ಸುಲಭವಲ್ಲ. ಕಾರಿನಲ್ಲಿ ಮಕ್ಕಳಿಬ್ಬರೂ ಆ ಬಗ್ಗೆ ಜಗಳವಾಡಿಕೊಂಡೇ ಬಂದರು. ತಮ್ಮ ರಾಕೆಟ್ಟಿನ ಕಡೆ, ಅಕ್ಕ ಎತ್ತಿನ ಕಡೆ.

ಮಗ್ಗದ ಮನೆ

ಎರಡು ದಿನ ಬಿಟ್ಟು ಮೊಳಕಾಲ್ಮೂರಿಗೆ ಹೊರಟೆವು. ಬಳ್ಳಾರಿ ಹೆದ್ದಾರಿಯಲ್ಲಿ ತಳಕು ಸಿಗುತ್ತದೆ. ಕುವೆಂಪು ಅವರ ಗುರು ತ.ಸು. ವೆಂಕಣ್ಣಯ್ಯನವರು 1885ರಲ್ಲಿ ಹುಟ್ಟಿದ ಊರು ಇದು. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದ 'ಶ್ರೀರಾಮಾಯಣ ದರ್ಶನಂ' ಕಾವ್ಯವನ್ನು ಕುವೆಂಪು ಈ ಗುರುವಿಗೇ ಅರ್ಪಿಸಿದರು. 'ದುರ್ಗಾಸ್ತಮಾನ' ಬರೆದ ತ.ರಾ.ಸು. ಕೂಡ ಇದೇ ಮನೆತನದವರು, ಅವರ ಹೆಸರಿನ ಮೊದಲ ಅಕ್ಷರವೇ ತಳಕು. ಚಿಕ್ಕ ಊರಿನ ಹೆಸರು ಹೀಗೆ ದೊಡ್ಡ ಪುಸ್ತಕಗಳ ಮೇಲೆ ಕುಳಿತಿದೆ.

ಮೊಳಕಾಲ್ಮೂರು ಆಂಧ್ರದ ಗಡಿಯ ಊರು. ರಾಯದುರ್ಗ ಇಲ್ಲಿಂದ ಕೂಗಳತೆ ಎನ್ನಬಹುದು. ಇಲ್ಲಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅಂದರೆ ಬೇರೆ ಕಡೆ ನೇಯ್ದ ಸೀರೆಯನ್ನು ಮೊಳಕಾಲ್ಮೂರು ಸೀರೆ ಎಂದು ಮಾರುವಂತಿಲ್ಲ. ಗೆಳೆಯನ ಪರಿಚಯದ ನೇಕಾರರ ಮನೆಗೆ ಹೋದೆವು. ನಡುಮನೆಯಲ್ಲೇ ಕುಣಿ ಮಗ್ಗ. ನೇಯುವವರು ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ. ಸೀರೆಯ ಒಡಲಿಗೆ ಒಂದು ಲಾಳಿ, ಎರಡು ಅಂಚಿಗೆ ಎರಡು, ಒಟ್ಟು ಮೂರು ಲಾಳಿಗಳು. ಒಡಲಿನ ಬಣ್ಣ ಬೇರೆ, ಅಂಚಿನ ಬಣ್ಣ ಬೇರೆ. ಎರಡನ್ನೂ ಎಳೆ ಎಳೆಯಾಗಿ ಹೆಣೆದು ಕೂಡಿಸುತ್ತಾರೆ. ಈ ಬಗೆಯ ನೇಯ್ಗೆಗೆ ಮಗ್ಗದಲ್ಲಿ ಇನ್ನೊಂದು ಕೈ ಜೊತೆಗಿರಬೇಕು. ಆ ಮನೆಯಲ್ಲಿ ಗಂಡ ನೇಯುತ್ತಿದ್ದರು, ಹೆಂಡತಿ ಲಾಳಿ ಕೊಡುತ್ತಿದ್ದರು.

"ಒಂದು ಸೀರೆಗೆ ಎಷ್ಟು ದಿನ?" ಅಕ್ಕ ಕನ್ನಡದಲ್ಲೇ ಕೇಳಿದಳು. ಆ ವಾರದಲ್ಲಿ ಅವಳು ಹೊರಗಿನವರೊಡನೆ ಆಡಿದ ಮೊದಲ ಪೂರ್ತಿ ಕನ್ನಡ ವಾಕ್ಯ ಅದು. "ಇದಕ್ಕೆ ಹನ್ನೆರಡು ದಿನ ಆಯ್ತವ್ವ" ಎಂದರು ನೇಕಾರರು. ಅವರ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಮಗ್ಗಕ್ಕೆ ಕೂರುವುದಿಲ್ಲ. ಮುಂದೆ ಯಾರು ಎಂಬ ನನ್ನ ಪ್ರಶ್ನೆಗೆ ಅವರು ಲಾಳಿ ಎಸೆದು, "ಇರೋವರೆಗೆ ನಾವು" ಎಂದರು. ಗೆಳೆಯ ಮಾತಾಡಲಿಲ್ಲ. ಅವನ ಮಗನೂ ದೂರ ಹೋದವನೇ, ನೇಕಾರರ ಮಗನೂ ದೂರ ಹೋದವನೇ. ದೂರದಲ್ಲಿ ಮಾತ್ರ ವ್ಯತ್ಯಾಸ.

ಅಕ್ಷರ ಗುಂಡು

ಮೊಳಕಾಲ್ಮೂರು ತಾಲ್ಲೂಕಿನ ದೊಡ್ಡ ಐಶ್ವರ್ಯ ಅಶೋಕ ಸಿದ್ದಾಪುರದ ಸುತ್ತ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ತಾಣಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಕಾಲ ಕ್ರಿ.ಪೂ. ಮೂರನೆಯ ಶತಮಾನ. 1892ರಲ್ಲಿ ಇವುಗಳನ್ನು ಬೆಳಕಿಗೆ ತಂದವರು ಬಿ.ಎಲ್. ರೈಸ್.

ಊರ ಜನಕ್ಕೆ ಈ ಬಂಡೆಗಳು ಮೊದಲೇ ಗೊತ್ತಿದ್ದವು. ಬ್ರಹ್ಮಗಿರಿಯದನ್ನು ಅಕ್ಷರ ಗುಂಡು ಎಂದು ಕರೆಯುತ್ತಿದ್ದರು. ಸಿದ್ದಾಪುರದ್ದು ಎಮ್ಮೆಯ ತಿಮ್ಮಯ್ಯನ ಗುಂಡು. ಜಟಿಂಗ ರಾಮೇಶ್ವರದ್ದು ಬಳೆಗಾರ ಗುಂಡು, ಏಕೆಂದರೆ ಜಾತ್ರೆಯಲ್ಲಿ ಬಳೆಗಾರರು ಅಲ್ಲಿ ಅಂಗಡಿ ಹೂಡುತ್ತಿದ್ದರು. ಬಂಡೆಯ ಮೇಲೆ ಅಕ್ಷರಗಳಿವೆ ಎಂದು ಗೊತ್ತಿತ್ತು, ಓದುವವರು ಇರಲಿಲ್ಲ. ಅದು ಬ್ರಾಹ್ಮಿ ಲಿಪಿ, ಭಾಷೆ ಪ್ರಾಕೃತ. ಬ್ರಾಹ್ಮಿಯನ್ನು ಓದುವ ವಿದ್ಯೆ ನಮ್ಮ ದೇಶದಲ್ಲಿ ನೂರಾರು ವರ್ಷ ಮರೆತೇ ಹೋಗಿತ್ತು. 1837ರಲ್ಲಿ ಕಲ್ಕತ್ತೆಯ ಟಂಕಸಾಲೆಯ ಅಧಿಕಾರಿಯಾಗಿದ್ದ ಜೇಮ್ಸ್ ಪ್ರಿನ್ಸೆಪ್ ಅದನ್ನು ಬಿಡಿಸಿ ಓದಿದರು. ಅದೇ 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮಗು ಮುಂದೆ ರೈಸ್ ಆಗಿ ಇಲ್ಲಿಗೆ ಬಂದರು.

ಬ್ರಹ್ಮಗಿರಿಯ ಬಂಡೆಗೆ ಈಗ ಪುಟ್ಟ ಕಟ್ಟಡದ ರಕ್ಷಣೆ ಇದೆ. ಮಕ್ಕಳು ಮೊಣಕಾಲೂರಿ ಅಕ್ಷರಗಳನ್ನು ನೋಡಿದರು. ಅದರಲ್ಲೇನಿದೆ ಎಂದು ನಾನು ಓದಿ ತಿಳಿದಿದ್ದಷ್ಟು ಹೇಳಿದೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಇದು. ಇಸಿಲ ಎಂದರೆ ಇದೇ ಜಾಗ ಎನ್ನುತ್ತಾರೆ. ಆಜ್ಞೆ ಶುರುವಾಗುವುದು ಅವರ ಆರೋಗ್ಯ ವಿಚಾರಿಸುವುದರಿಂದ. ನಾವು ಹಿಂದೆ ಕಾಗದದ ತಲೆಗೆ 'ಕ್ಷೇಮ' ಎಂದು ಬರೆಯುತ್ತಿದ್ದೆವಲ್ಲ, ಹಾಗೆಯೇ. ಆಮೇಲೆ ಬರುವುದು ತಂದೆ ತಾಯಿಯ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ನಿಜ ಹೇಳಬೇಕು, ಶಿಷ್ಯರು ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ಸರಿಯಾಗಿ ನಡೆದುಕೊಳ್ಳಬೇಕು ಎಂಬ ಮಾತುಗಳು. ಶಾಸನದಲ್ಲಿ 256 ಎಂಬ ಸಂಖ್ಯೆಯೂ ಇದೆ. ಅರಸ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಇಲ್ಲಿ ಅಶೋಕ ಎಂಬ ಹೆಸರು ಇಲ್ಲ, ದೇವಾನಾಂಪ್ರಿಯ ಎಂಬ ಬಿರುದು ಮಾತ್ರ ಇದೆ. ಬಿರುದೂ ಹೆಸರೂ ಜೊತೆಗೆ ಇರುವ ಶಾಸನ 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕಿತು.

ಕೊನೆಯ ಸಾಲು ನನಗೆ ಬಹಳ ಇಷ್ಟ. ಇದನ್ನು ಬರೆದವನು ತನ್ನ ಹೆಸರು ಹಾಕಿದ್ದಾನೆ. ಅವನು ಚಪಡ. ಹೆಸರನ್ನು ಬ್ರಾಹ್ಮಿಯಲ್ಲೇ ಬರೆದ. ಆದರೆ ತಾನು ಲಿಪಿಕಾರ ಎಂದು ಹೇಳುವ ಒಂದು ಪದವನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದ. ಖರೋಷ್ಠಿ ಬಲದಿಂದ ಎಡಕ್ಕೆ ಸಾಗುವ ಲಿಪಿ. ಅದು ಬಳಕೆಯಲ್ಲಿದ್ದದ್ದು ಈಗಿನ ಪಾಕಿಸ್ತಾನದ ವಾಯವ್ಯ ಭಾಗ ಮತ್ತು ಅಫ್ಘಾನಿಸ್ತಾನದ ಕಡೆ. ಚಪಡ ಆ ಕಡೆಯಿಂದ ಬಂದವನಿರಬೇಕು ಎಂಬುದು ವಿದ್ವಾಂಸರ ಊಹೆ. ಈ ಸೀಮೆಯಲ್ಲಿ ಆ ಲಿಪಿಯನ್ನು ಓದಬಲ್ಲವರು ಯಾರೂ ಇದ್ದಿರಲಾರರು. ಆದರೂ ಊರಿನಿಂದ ಅಷ್ಟು ದೂರ ಬಂದವನು ತನ್ನ ಊರಿನ ಅಕ್ಷರದಲ್ಲಿ ಒಂದು ಪದ ಬರೆದು ಹೋದ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅವನಿಗೂ ಅಲ್ಲಿ ಅಜ್ಜಿ ಇದ್ದರಾ?" ತಾತ, "ಇದ್ದಿರಲೇಬೇಕಲ್ಲ ಮಗಳೆ" ಎಂದ.

ಇದೇ ಬ್ರಹ್ಮಗಿರಿಯ ಬುಡದಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿದರು. ಕಲ್ಲಿನ ಕೊಡಲಿಗಳ ಕಾಲದಿಂದ ಹಿಡಿದು ಬೃಹತ್ ಶಿಲಾ ಸಮಾಧಿಗಳ ಕಾಲ ದಾಟಿ, ಜನ ಇಲ್ಲಿ ಬಾಳಿದ ಗುರುತುಗಳು ಒಂದರ ಮೇಲೊಂದು ಪದರವಾಗಿ ಸಿಕ್ಕಿದವು. ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ರೋಮನ್ ಸರಕುಗಳ ಜೊತೆ ಸಿಕ್ಕಂಥ ಮಡಕೆಯ ಚೂರುಗಳು ಇಲ್ಲಿಯೂ ಸಿಕ್ಕಿವೆ. ಕಡಲಿಂದ ಇಷ್ಟು ದೂರದ ಒಣ ಸೀಮೆಗೂ ಹೊರಗಿನ ಲೋಕಕ್ಕೂ ಆಗಲೇ ಹೋಕುಬಳಕೆ ಇತ್ತು.

ಜಟಿಂಗ ರಾಮೇಶ್ವರದ ಗುಡ್ಡ ಹತ್ತುವಾಗ ನಮಗೆ ಮುದುಕರಿಬ್ಬರಿಗೂ ಏದುಸಿರು. ರಾವಣನೊಡನೆ ಹೋರಾಡಿದ ಜಟಾಯು ಬಿದ್ದದ್ದು ಇಲ್ಲೇ ಎಂಬುದು ಸ್ಥಳಪುರಾಣ. "ಮೊಳಕಾಲು ಮುರಿಯೋದಕ್ಕೇ ಈ ಊರಿಗೆ ಆ ಹೆಸರು" ಎಂದು ಗೆಳೆಯ ತಮಾಷೆ ಮಾಡಿದ. ಹುಡುಗ ಅದನ್ನು ಹಿಡಿದುಕೊಂಡು, ಮೆಟ್ಟಿಲಿಗೊಮ್ಮೆ "ಮೊಳಕಾಲು ಮುರೀತು" ಎಂದು ಕೂಗುತ್ತ ಹತ್ತಿದ. ಮೇಲೆ ಮುಟ್ಟುವ ಹೊತ್ತಿಗೆ ಅವನ 'ಳ'ಕಾರ ಸರಿಯಾಗಿತ್ತು.

ಆ ರಾತ್ರಿ ಅಜ್ಜಿಯ ಬಳಿ ಸ್ಲೇಟು ಬಳಪ ಇದೆಯೇ ಎಂದು ಅಕ್ಕ ಕೇಳಿದಳು. ಸ್ಲೇಟು ಇರಲಿಲ್ಲ. ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಅಜ್ಜಿ ಅಕ್ಷರ ಬರೆದುಕೊಟ್ಟಳು, ಮೊಮ್ಮಗಳು ತಿದ್ದಿದಳು. ತನ್ನ ಹೆಸರು, ತಮ್ಮನ ಹೆಸರು, ಆಮೇಲೆ ಅಜ್ಜಿಯ ಹೆಸರು. ಉಳಿದ ಮೂರು ರಾತ್ರಿಯೂ ಇದೇ ಶಾಲೆ ನಡೆಯಿತು. ಒತ್ತಕ್ಷರ ತಪ್ಪಿದಾಗ ಅಜ್ಜಿ ಕೈ ಹಿಡಿದು ತಿದ್ದಿಸುತ್ತಿದ್ದಳು. ಅವರಿಬ್ಬರ ನಡುವೆ ತಾತ ಕನ್ನಡಿಸಿ ಹೇಳಬೇಕಾದ ಮಾತು ದಿನದಿನಕ್ಕೂ ಕಡಿಮೆಯಾಯಿತು.

ಎಂಟು ದಿನದಲ್ಲಿ ಯಾರೂ ಭಾಷೆ ಕಲಿತು ಮುಗಿಸುವುದಿಲ್ಲ. ಮಕ್ಕಳು ಹಿಂತಿರುಗಿದ ಮೇಲೆ ಶಾಲೆ, ಆಟ, ಇಂಗ್ಲಿಷ್ ಎಲ್ಲ ಮೊದಲಿನಂತೆಯೇ ನಡೆಯುತ್ತಿವೆ ಎಂದು ಗೆಳೆಯ ಹೇಳುತ್ತಾನೆ. ಆದರೆ ಮಾರ್ಚಿಯಲ್ಲಿ ಚಳ್ಳಕೆರೆಯ ಮನೆಗೆ ಅಮೆರಿಕದ ಅಂಚೆಚೀಟಿ ಅಂಟಿಸಿದ ಒಂದು ಲಕೋಟೆ ಬಂತು. ಒಳಗೆ ಐದು ಸಾಲು ಕನ್ನಡ. ಮೊದಲ ಸಾಲು ಅಜ್ಜಿಯ ಆರೋಗ್ಯ ವಿಚಾರಿಸುತ್ತದೆ. ಅಜ್ಜಿ ಅದನ್ನು ತನ್ನ ಮೊಳಕಾಲ್ಮೂರು ಸೀರೆಯ ಮಡಿಕೆಯಲ್ಲಿ ಇಟ್ಟಿದ್ದಾಳಂತೆ.

ಓದುತ್ತಿರುವ ಮಕ್ಕಳೇ, ನಿಮ್ಮ ಅಜ್ಜಿ ತಾತ ಬೇರೆ ಊರಿನಲ್ಲಿದ್ದರೆ ಈ ವಾರ ಒಂದು ಕಾಗದ ಬರೆಯಿರಿ. ಮೊದಲು ಆರೋಗ್ಯ ವಿಚಾರಿಸಿ, ಕೊನೆಗೆ ನಿಮ್ಮ ಹೆಸರು ಹಾಕಿ. ಅಜ್ಜಿ ತಾತಂದಿರೇ, ಉತ್ತರ ಬರೆಯುವುದನ್ನು ಮರೆಯಬೇಡಿ. ಅಕ್ಷರ ಸ್ವಲ್ಪ ದಪ್ಪಗಿರಲಿ, ಮಕ್ಕಳಿಗೆ ಓದಲು ಸುಲಭವಾಗುತ್ತದೆ.